ಗುಳೆ ಹೋಗುವವರ ಮಕ್ಕಳಿಗಾಗಿ ಬರೆಯುವ ಅರ್ಜಿ

ವಿಜಯಪುರ

ಚಿ. ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಕೂಲಿಗಾಗಿ ಊರು ಬಿಟ್ಟು ಗುಳೆ ಹೋಗುವವರ ಮಕ್ಕಳನ್ನು ಊರಲ್ಲೇ ಇಟ್ಟುಕೊಂಡು ಓದಿಸುವ ವಸತಿಗೆ ಹಣ ಕೇಳಿ ನೀನು ಬರೆದು ಕಳಿಸಿದ ಪ್ರಪೋಸಲ್ ಪೂರ್ತಿ ಓದಿದೆ. ಲಂಬಾಣಿ ತಾಂಡಾದಲ್ಲಿ ನೀನು ಮಾಡುತ್ತಿರುವ ಕೆಲಸ ದೊಡ್ಡದು. ಆದರೆ ಈ ಕಾಗದದಲ್ಲಿ ಅದು ಕಾಣುತ್ತಿಲ್ಲ. ಒಂದು ದಾನಿ ಸಂಸ್ಥೆಯಲ್ಲಿ ಕೂತು ಇಂಥ ಅರ್ಜಿಗಳನ್ನು ವರ್ಷಗಟ್ಟಲೆ ಓದಿದವನು ನಾನು. ಅನಿಸಿದ್ದನ್ನು ನೇರವಾಗಿ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ಮೊದಲ ಎರಡು ಪುಟ ತೆಗೆದುಬಿಡು. ಸಬಲೀಕರಣ, ಸಮಗ್ರ ಅಭಿವೃದ್ಧಿ, ಸುಸ್ಥಿರ ಬದಲಾವಣೆ ಇವೆಲ್ಲ ಪ್ರತಿ ಅರ್ಜಿಯಲ್ಲೂ ಇರುತ್ತವೆ. ಓದುವವರು ನಿಲ್ಲುವುದೇ ಇಲ್ಲ, ಮುಂದಿನ ಪುಟಕ್ಕೆ ಹೋಗುತ್ತಾರೆ. ಅದರ ಬದಲು ನಡೆಯುವುದನ್ನು ನಡೆದ ಹಾಗೆ ಬರೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ದಸರೆ, ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಶುರುವಾಗುತ್ತದೆ, ಟ್ರ್ಯಾಕ್ಟರ್ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕಡಿಯಲು ಹೋಗಬೇಕು. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಮಗುವೂ ಟ್ರ್ಯಾಕ್ಟರ್ ಹತ್ತುತ್ತದೆ. ಯುಗಾದಿಗೆ ವಾಪಸು ಬಂದಾಗ ಪಾಠ ಮುಗಿದು ಪರೀಕ್ಷೆ ಎದುರಿಗಿರುತ್ತದೆ. ಇಷ್ಟು ಹೇಳಿದರೆ ಮುಂಬೈಯಲ್ಲಿ ಕೂತವರಿಗೂ ತಿಳಿಯುತ್ತದೆ.

ಇದಕ್ಕೆ ಆಧಾರ ನಿನ್ನ ಪಕ್ಕದಲ್ಲೇ ಇದೆ. ಶಾಲೆಯ ಹೆಡ್‌ಮಾಸ್ತರರನ್ನು ಕೇಳಿ ಕಳೆದ ವರ್ಷದ ಹಾಜರಿಯನ್ನು ತಿಂಗಳವಾರು ಬರೆದುಕೋ. ಸೆಪ್ಟೆಂಬರ್‌ನಲ್ಲಿ ಎಷ್ಟು ಮಕ್ಕಳಿದ್ದರು, ಜನವರಿಯಲ್ಲಿ ಎಷ್ಟು ಉಳಿದರು ಎಂಬ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಸಾಕು. ಆಮೇಲೆ ಮನೆ ಮನೆಗೂ ಹೋಗು. ಯಾರು ಹೋಗುತ್ತಾರೆ, ಎಲ್ಲಿಗೆ, ಅಜ್ಜಿ ಉಳಿಯುತ್ತಾಳಾ ಅಂತ ಕೇಳು. ಅಜ್ಜಿ ಇರುವ ಮನೆಯ ಮಗುವಿಗೆ ವಸತಿ ಬೇಕಾಗದೇ ಇರಬಹುದು, ಸಂಜೆ ಪಾಠ ಮತ್ತು ಒಂದು ಊಟ ಸಾಕಾಗಬಹುದು. ಆಗ ನೀನು ಕೇಳುವ ಮೊತ್ತ ಕಡಿಮೆಯಾಗುತ್ತದೆ. ಆದರೆ ಅರ್ಜಿಗೆ ತೂಕ ಬರುತ್ತದೆ.

‘ಪಾಲಕರಿಗೆ ಶಿಕ್ಷಣದ ಅರಿವಿಲ್ಲ’ ಎಂಬ ಸಾಲು ನನಗೆ ನೋವು ತಂದಿತು. ಅರಿವಿಲ್ಲದವರು ಮಕ್ಕಳನ್ನು ಇಟ್ಟುಕೊಳ್ಳಿ ಅಂತ ನಿನ್ನ ಬಾಗಿಲಿಗೆ ಯಾಕೆ ಬರುತ್ತಿದ್ದರು? ಅವರಿಗೆ ಇಲ್ಲದ್ದು ಊರಲ್ಲಿ ಕೂಲಿ. ಹರಿದ ಅಂಗಿಯ ಮಕ್ಕಳ ಫೋಟೊ ಕೂಡ ತೆಗೆ. ಆ ಮಗು ನಾಳೆ ದೊಡ್ಡದಾಗಿ ಅದನ್ನು ನೋಡುತ್ತದೆ. ಕಳಿಸುವ ಮುನ್ನ ಇಡೀ ಅರ್ಜಿಯನ್ನು ತಾಂಡಾದ ಹಿರಿಯರಾದ ನಾಯಕ, ಕಾರಭಾರಿ, ಜೊತೆಗೆ ನಾಲ್ಕು ತಾಯಂದಿರ ಮುಂದೆ ಓದಿ ಹೇಳು. ಅವರು ‘ಹಿಂಗಲ್ಲ’ ಅಂದದ್ದನ್ನು ತಿದ್ದು.

‘ಮೂರು ವರ್ಷದಲ್ಲಿ ಗುಳೆ ನಿಲ್ಲಿಸುತ್ತೇವೆ’ ಅಂತಲೂ ಬರೆದಿದ್ದೀಯ. ಅದು ನಿನ್ನ ಕೈಯಲ್ಲಿಲ್ಲ, ಮಗಳೇ. ಮಳೆ, ನೀರು, ಕೂಲಿ, ಸಾಲ ಎಲ್ಲ ಸೇರಿದ ವಿಷಯ ಅದು. ನಿನ್ನ ಕೈಯಲ್ಲಿರುವುದು ತಂದೆ ತಾಯಿ ಹೋದರೂ ಮಗು ಶಾಲೆ ಬಿಡದ ಹಾಗೆ ನೋಡಿಕೊಳ್ಳುವುದು. ಅದನ್ನೇ ಹೇಳು, ಅಳೆಯುವುದು ಹೇಗೆ ಅಂತಲೂ ಹೇಳು. ಜನವರಿಯ ಹಾಜರಿ ಒಂದು. ಅಕ್ಟೋಬರ್‌ನಲ್ಲಿ ಓದಲು ಕೊಟ್ಟ ಮಟ್ಟದ ಪಾಠವನ್ನೇ ಮಾರ್ಚ್‌ನಲ್ಲಿ ಕೊಟ್ಟು ನೋಡುವುದು ಇನ್ನೊಂದು.

ಇನ್ನು ಬಜೆಟ್. ಅನುಭವಸ್ಥರು ಮೊದಲು ತೆರೆಯುವ ಪುಟ ಇದೇ. ನೀನು ‘ಊಟ, ವಸತಿ ಇತ್ಯಾದಿ’ ಅಂತ ಒಂದೇ ಸಾಲಿನಲ್ಲಿ ಲಕ್ಷಗಳ ಮೊತ್ತ ಹಾಕಿದ್ದೀಯ. ಅದನ್ನು ಬಿಡಿಸಿ ಬರೆ. 40 ಮಕ್ಕಳು, 150 ದಿನ, ಮಗುವಿಗೆ ದಿನಕ್ಕೆ 60 ರೂಪಾಯಿ ಅಂದರೆ 3,60,000 ರೂಪಾಯಿ. ಆ 60 ಹೇಗೆ ಬಂತು? ಜೋಳ, ಬೇಳೆ, ಎಣ್ಣೆ, ಗ್ಯಾಸ್ ಬೆಲೆಯನ್ನು ನಿಮ್ಮ ಸಂತೆಯಲ್ಲೇ ಕೇಳಿ ಬರೆ. ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ಇದೆ ಅಲ್ವಾ ಅಂತ ಅವರು ಕೇಳಿಯೇ ಕೇಳುತ್ತಾರೆ. ಹಾಗಾಗಿ ಶಾಲೆಯ ದಿನಗಳಲ್ಲಿ ಬೆಳಗಿನ ಮತ್ತು ರಾತ್ರಿಯ ಊಟಕ್ಕೆ ಮಾತ್ರ ಕೇಳುತ್ತಿದ್ದೇವೆ ಅಂತ ನೀನೇ ಮೊದಲು ಹೇಳು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲೂ ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿಗೆ ಅವಕಾಶ ಇದೆ. ನಿಮ್ಮ ತಾಂಡಾಕ್ಕೆ ಅದು ಸಿಗುತ್ತದಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಕೇಳು, ಉತ್ತರದ ಪ್ರತಿಯನ್ನು ಜೊತೆಗೆ ಲಗತ್ತಿಸು.

ರಾತ್ರಿಯೆಲ್ಲ ಮಕ್ಕಳ ಜೊತೆ ಇರುವ ಹೆಣ್ಣುಮಗಳಿಗೆ ನೀನು ಇಟ್ಟ ಗೌರವಧನ ನೋಡಿ ಸಂಕಟವಾಯಿತು. ಕಡಿಮೆ ಕೇಳಿದರೆ ಬೇಗ ಮಂಜೂರಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಆಕೆ ನಡುವೆ ಕೆಲಸ ಬಿಟ್ಟರೆ ಇಡೀ ಯೋಜನೆ ನಿಲ್ಲುತ್ತದೆ, ಓದುವವರಿಗೆ ಅದು ಗೊತ್ತು. ಸರಿಯಾದ ಸಂಬಳ ಹಾಕು. ಲೆಕ್ಕ ಬರೆಯುವವರ ಖರ್ಚು, ಆಡಿಟ್ ಶುಲ್ಕ, ಓಡಾಟ ಎಲ್ಲವನ್ನೂ ಕಾಣಿಸು. ಕಂಪನಿಗಳು ಆಡಳಿತಕ್ಕೆ ಶೇ. 5ಕ್ಕಿಂತ ಜಾಸ್ತಿ ಕೊಡಲ್ಲವಂತೆ ಅಂತ ಬರೆದಿದ್ದೀಯ. ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣದ ನಿಯಮದಲ್ಲಿನ ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ ಇರುವುದು. ನಿಮ್ಮ ವಾರ್ಡನ್, ಶಿಕ್ಷಕಿ, ಅಡುಗೆಯವರ ಸಂಬಳ ಯೋಜನೆಯದೇ ಖರ್ಚು. ಸಮಾಧಾನದಿಂದ ಹೇಳು, ಆದರೆ ಹೇಳದೇ ಬಿಡಬೇಡ.

ಹಣ ಬರುವ ಹೊತ್ತೂ ಮುಖ್ಯ. ಕಂಪನಿಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಎಷ್ಟೋ ಕಡೆ ವರ್ಷದ ಕೊನೆಗೆ ಅವಸರದಲ್ಲಿ ಹಣ ಬಿಡುತ್ತಾರೆ. ಅಷ್ಟರಲ್ಲಿ ನಿಮ್ಮ ಹಂಗಾಮೇ ಮುಗಿದಿರುತ್ತದೆ. ಮೊದಲ ಕಂತು ಸೆಪ್ಟೆಂಬರ್ ಒಳಗೆ ಬೇಕು, ಯಾಕೆ ಬೇಕು ಅಂತ ಅರ್ಜಿಯಲ್ಲೇ ಬರೆ. ಒಂದು ವರ್ಷಕ್ಕೆ ಕೇಳುವ ಬದಲು ಬಹುವರ್ಷದ ಯೋಜನೆಯಾಗಿ ಕೇಳು. ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ಅದಕ್ಕೆ ಅವಕಾಶ ಇದೆ. ಅಂಥ ಯೋಜನೆಯಲ್ಲಿ ಉಳಿದ ಹಣವನ್ನು ಕಂಪನಿ ಪ್ರತ್ಯೇಕ ಖಾತೆಗೆ ಹಾಕಿ, ಮುಂದೆ ಅದೇ ಕೆಲಸಕ್ಕೆ ಕೊಡಬಹುದು. ಕಂಪನಿಗಳು ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾನೂನು ಹೇಳುತ್ತದೆ. ಕೂಡಗಿಯಲ್ಲಿ ಎನ್‌ಟಿಪಿಸಿ ವಿದ್ಯುತ್ ಸ್ಥಾವರ ಇದೆ, ಸುತ್ತಮುತ್ತ ಸಕ್ಕರೆ ಕಾರ್ಖಾನೆಗಳಿವೆ. ಬೆಂಗಳೂರಿಗೆ ಬರೆಯುವ ಮುಂಚೆ ಇವರು ಯಾವ ಊರುಗಳಿಗೆ ಏನು ಕೊಟ್ಟಿದ್ದಾರೆ ಅಂತ ಅವರ ವಾರ್ಷಿಕ ವರದಿಗಳಲ್ಲಿ ನೋಡು. ಎಲ್ಲರಿಗೂ ಒಂದೇ ಅರ್ಜಿ ಕಳಿಸಬೇಡ.

ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಕಂಪನಿಗಳ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಸರ್ಕಾರದ ಎನ್‌ಜಿಒ ದರ್ಪಣ್ ಸಂಖ್ಯೆ, ಮೂರು ವರ್ಷದ ಆಡಿಟ್ ವರದಿ ಒಂದೇ ಫೈಲ್‌ನಲ್ಲಿ ಇರಲಿ. ವಿದೇಶದ ಹಣದ ಯೋಚನೆ ಈಗ ಬೇಡ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, ಅದರ ಲೆಕ್ಕವೇ ಬೇರೆ.

ಹಾಜರಿ ಪಟ್ಟಿ ಸಿಕ್ಕ ತಕ್ಷಣ ಬಜೆಟ್ ತಿದ್ದಿ ಮೊದಲು ನನಗೆ ಕಳಿಸು. ವಾರ್ಡನ್ ಸಂಬಳದ ಸಾಲನ್ನು ಇಬ್ಬರೂ ಕೂತು ನೋಡೋಣ. ಅಪ್ಪ ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಕಾಕಾ