ಇಪ್ಪತ್ತು ಪದ ಬೇಡ, ಐದೇ ಸಾಕು

ಮಾನ್ಯರೇ,

ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ಇಪ್ಪತ್ತು ಕಠಿಣ ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟು, ಎದುರಿಗೆ ಒಂದೊಂದೇ ಕನ್ನಡ ಅರ್ಥ ಅಚ್ಚು ಹಾಕುವ ರೂಢಿಯಿದೆ. ಉದ್ದೇಶ ಒಳ್ಳೆಯದೇ, ಆದರೆ ಬರೆಯಲು ಕೂತಾಗ ಹೀಗೆ ಕಲಿತ ಪದ ಕೈಕೊಡುತ್ತದೆ. ‘ಮಿಟಿಗೇಟ್’ ಎಂದರೆ ‘ಕಡಿಮೆ ಮಾಡು’ ಎಂದಷ್ಟೇ ಬಾಯಿಪಾಠ ಮಾಡಿದವರು ಬೆಲೆ, ತೂಕ, ವೇಗ ಎಲ್ಲದಕ್ಕೂ ಅದನ್ನೇ ಹಚ್ಚುತ್ತಾರೆ. ಅದು ಹೊಂದುವುದು ರಿಸ್ಕ್, ಡ್ಯಾಮೇಜ್‌ನಂಥ ಕೆಡುಕಿನ ಪದಗಳ ಜೊತೆ; ಬೆಲೆಗೆ ‘ರೆಡ್ಯೂಸ್’ ಸಾಕು. ಅದರ ಮುಂದೆ ‘ಅಗೇನ್ಸ್ಟ್’ ಸೇರಿಸುವುದೂ ತಪ್ಪು, ಆ ಜೋಡಿ ‘ವಿರುದ್ಧವಾಗಿ ಕೆಲಸ ಮಾಡು’ ಎಂಬರ್ಥದ ‘ಮಿಲಿಟೇಟ್’ನದು. ಹಾಗಾಗಿ ಅರ್ಥದ ಪಕ್ಕದಲ್ಲೇ ಆ ಪದ ಯಾವುದರ ಜೊತೆ ಬರುತ್ತದೆ ಎಂಬುದನ್ನೂ, ಒಂದು ಪೂರ್ತಿ ವಾಕ್ಯವನ್ನೂ ಬರೆದುಕೊಳ್ಳಬೇಕು.

ನೋಡಲು ಒಂದೇ ಥರದ ಪದಗಳನ್ನು ಒಟ್ಟಿಗೆ ಕಲಿಸುವುದು ಇನ್ನೊಂದು ಎಡವಟ್ಟು. ಜಾಣ್ಮೆಯ ‘ಇಂಜೀನಿಯಸ್’, ಮುಗ್ಧತೆಯ ‘ಇಂಜೆನ್ಯುವಸ್’ ಒಂದೇ ದಿನ ತಲೆಗೆ ಹೋದರೆ ಯಾವುದು ಯಾವುದೆಂಬ ಗೊಂದಲ ಉಳಿದೇಬಿಡುತ್ತದೆ. ಒಂದು ಗಟ್ಟಿಯಾದ ಮೇಲೆ, ಎರಡು ವಾರ ಬಿಟ್ಟು ಇನ್ನೊಂದು. ಲ್ಯಾಟಿನ್ ಮೂಲವನ್ನೋ ಪದದ ರೂಪವನ್ನೋ ಹಿಡಿದು ಅರ್ಥ ಊಹಿಸುವುದು ಉಪಯುಕ್ತವೇ, ಆದರೆ ನಿಘಂಟು ನೋಡದೆ ನಂಬಬಾರದು: ‘ಎನರ್ವೇಟ್’ ಚೈತನ್ಯ ತುಂಬುವುದಿಲ್ಲ, ಹೀರುತ್ತದೆ; ‘ನಾಯ್ಸಮ್’ಗೂ ಗದ್ದಲಕ್ಕೂ ಸಂಬಂಧವಿಲ್ಲ, ಅದು ದುರ್ನಾತ.

ಯಾವ ಪದ ಮೊದಲು ಎಂಬುದಕ್ಕೆ ಭಾಷಾವಿಜ್ಞಾನಿ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದು ಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ) ಪಟ್ಟಿ ಒಳ್ಳೆಯ ಆಧಾರ. ಉನ್ನತ ಶಿಕ್ಷಣದ ಪಠ್ಯ, ಪ್ರಬಂಧಗಳಲ್ಲಿ ಸುಮಾರು ಶೇ 10ರಷ್ಟು ಪದಗಳು ಅವೇ. ‘ಡಿರೈವ್’, ‘ಕನ್‌ಸ್ಟ್ರೇನ್’ ಬಾರದವರಿಗೆ, ಮನುಷ್ಯನನ್ನು ಕಿಟಕಿಯಿಂದಾಚೆ ಎಸೆಯುವ ‘ಡಿಫೆನೆಸ್ಟ್ರೇಷನ್’ ಯಾಕೆ ಬೇಕೋ!

ಕಲಿತದ್ದು ಆರಂಭದಲ್ಲೇ ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದ. ಮರುದಿನ, ಮೂರನೇ ದಿನ, ವಾರಕ್ಕೆ, ಮೂರು ವಾರಕ್ಕೆ ಪುನರಾವರ್ತನೆ ಬೇಕು. ಅದೂ ಓದುವುದಲ್ಲ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಬರೆದ ಕಾರ್ಡು ಮಾಡಿಕೊಂಡು, ಕನ್ನಡದ ಬದಿ ನೋಡಿ ಇಂಗ್ಲಿಷ್ ಪದವನ್ನು ನೆನಪಿನಿಂದ ಬರೆಯುವುದು. ತಪ್ಪಿದ ಕಾರ್ಡು ಮತ್ತೆ ಮೊದಲ ದಿನದ ಗುಂಪಿಗೆ.

ಪತ್ರಿಕೆಗಳು ದಿನಕ್ಕೆ ಐದೇ ಪದ ಕೊಡಲಿ, ವಾಕ್ಯ ಮತ್ತು ಉಚ್ಚಾರಣೆಯೊಂದಿಗೆ. ‘ಎಪಿಟಮಿ’ಯನ್ನು ‘ಎಪಿಟೋಮ್’ ಎನ್ನುವುದು ಆಗಲಾದರೂ ಕಡಿಮೆಯಾದೀತು. ಅವೇ ಐದನ್ನು ಮುಂದಿನ ವಾರ ಅರ್ಥವಿಲ್ಲದೆ, ಬಿಟ್ಟ ಸ್ಥಳ ತುಂಬುವ ವಾಕ್ಯಗಳಾಗಿ ಮತ್ತೆ ಪ್ರಕಟಿಸಲಿ.

– ಇಂಗ್ಲಿಷ್ ಅಧ್ಯಾಪಕರೊಬ್ಬರು