ಹಿಮಾಲಯದ ಹಿಂದಿನ ಕ್ಯಾಲೆಂಡರ್

ಮೈಸೂರು

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಭಾನುವಾರ ನೀನು ವಿಡಿಯೋ ಕಾಲ್‌ಗೆ ಬಂದಾಗ, ರೂಮು ಕಾಣದಿರಲಿ ಅಂತ ಹಾಕಿಕೊಂಡ ಹಿಮಾಲಯದ ಚಿತ್ರ ಹಿನ್ನೆಲೆಯಲ್ಲಿತ್ತು. ಮಕ್ಕಳು ತುಂಬ ಖುಷಿಪಟ್ಟರು. ಆದರೆ ನಡುವೆ ಕೂದಲು ಎತ್ತಿ ಕಟ್ಟಿಕೊಂಡೆಯಲ್ಲ, ಆಗ ನಿನ್ನ ತೋಳಿನ ಸಂದಿಯಲ್ಲಿ ರೂಮು ಇಣುಕಿತು. ಹಗ್ಗದ ಮೇಲಿನ ಬಟ್ಟೆ ಕಂಡಿತು, ಬೀರು ಕಂಡಿತು. ಕಾಲ್ ಶುರುವಾದಾಗ ಇನ್ನೂ ಆ ಹಿಮಾಲಯದ ಚಿತ್ರ ಬಂದಿರಲಿಲ್ಲ. ಆ ಒಂದು ಕ್ಷಣದಲ್ಲೇ ಗೋಡೆಯ ಕ್ಯಾಲೆಂಡರ್ ಮೇಲೆ ದಿನಸಿ ಅಂಗಡಿಯ ಹೆಸರು, ನಿಮ್ಮ ಬಡಾವಣೆಯ ಹೆಸರು ಎರಡನ್ನೂ ಓದಿದೆ.

ನಾನು ಓದಿದರೆ ಪರವಾಗಿಲ್ಲ. ಆದರೆ ನೀನು ಅಲ್ಲಿ ಒಬ್ಬಳೇ ಇರುವವಳು. ವಾರವೆಲ್ಲ ಮುಖ ಪರಿಚಯವೂ ಇಲ್ಲದವರ ಜೊತೆ ಕಾಲ್‌ನಲ್ಲಿ ಕೂರುತ್ತೀಯ, ಅಲ್ವಾ?

ಅಂದಿನಿಂದ ಇದರ ಬಗ್ಗೆಯೇ ಹುಡುಕಿ ಓದಿದೆ. ಆ ಚಿತ್ರವನ್ನು ನಾವು ಪರದೆ ಅಂದುಕೊಳ್ಳುತ್ತೇವೆ. ಅದು ಪರದೆ ಅಲ್ಲ ಕಣೇ. ಕ್ಯಾಮೆರಾ ಇಡೀ ರೂಮನ್ನೇ ನೋಡುತ್ತಿರುತ್ತದೆ. ಯಾವುದು ನೀನು, ಯಾವುದು ಗೋಡೆ ಅಂತ ಸಾಫ್ಟ್‌ವೇರ್ ಅಂದಾಜು ಮಾಡಿ ಕತ್ತರಿಸುತ್ತದೆ. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ ಇದ್ದರೆ 30 ಸಲ ಅದೇ ಅಂದಾಜು. ಕೂದಲಿನ ಅಂಚು, ಬೆರಳ ಸಂದಿ, ಕುರ್ಚಿಯ ಬೆನ್ನು, ಇಲ್ಲೆಲ್ಲ ಲೆಕ್ಕ ತಪ್ಪುತ್ತದೆ. ನೀನು ಅಲುಗಾಡಿದರಂತೂ ಜಾಸ್ತಿ. ಒಂದು ಸಲಕ್ಕೆ ಕಾಣುವುದು ಚೂರೇ ಇರಬಹುದು. ಆದರೆ ಮೀಟಿಂಗ್ ರೆಕಾರ್ಡ್ ಆಗಿದ್ದರೆ ಆ ಚೂರುಗಳನ್ನು ಜೋಡಿಸುತ್ತಾ ಹೋಗಬಹುದು. ಹೀಗೆ ಜೋಡಿಸಿ ಹಿಂದಿರುವ ವಸ್ತುಗಳನ್ನು ಗುರುತು ಹಿಡಿಯಬಹುದು ಅಂತ ಜರ್ಮನಿಯ ಸಂಶೋಧಕರು 2021ರಲ್ಲೇ ತೋರಿಸಿದ್ದಾರೆ. ಹಿನ್ನೆಲೆ ಬರೀ ಮಸುಕು ಮಾಡಿದರೂ ಅಷ್ಟೇ. ಬಣ್ಣ, ಆಕಾರ, ಹಿಂದೆ ಓಡಾಡುವವರು ಗೊತ್ತಾಗುತ್ತಾರೆ.

ನೀನು ಕನ್ನಡಕ ಬೇರೆ ಹಾಕುತ್ತೀಯ. 2022ರ ಇನ್ನೊಂದು ಪ್ರಯೋಗದಲ್ಲಿ, ಕನ್ನಡಕದ ಗಾಜಿನಲ್ಲಿ ಮೂಡಿದ ಪ್ರತಿಬಿಂಬದಿಂದಲೇ ಸ್ಕ್ರೀನಿನ ಅಕ್ಷರ ಓದಿದರಂತೆ. ಸುಮಾರು 10 ಮಿಲಿಮೀಟರ್ ಎತ್ತರದ ದಪ್ಪ ಅಕ್ಷರ, ಪ್ರಯೋಗಾಲಯದಲ್ಲಿ. ಸುಮ್ನೆ ಹೆದರಬೇಡ. ಕಾಲ್ ನಡೆಯುವಾಗ ಬ್ಯಾಂಕಿನ ಪುಟ ಮಾತ್ರ ತೆರೆಯಬೇಡ.

ಮೊದಲು ಮೇಜು ತಿರುಗಿಸು, ಬೆನ್ನ ಹಿಂದೆ ಖಾಲಿ ಗೋಡೆ ಬರಲಿ. ಹಿಮಾಲಯ ಬೇಕಿದ್ದರೆ ಆಮೇಲೆ ಹಾಕಿಕೋ. ಕಾಲ್‌ಗೆ ಸೇರುವ ಮುಂಚೆ ಕ್ಯಾಮೆರಾದಲ್ಲಿ ಏನು ಕಾಣುತ್ತಿದೆ ಅಂತ ಒಮ್ಮೆ ನೋಡು. ಬೆಳಕು ಮುಖದ ಮೇಲೆ ಬೀಳಲಿ. ಗೋಡೆಯ ಬಣ್ಣದ ದುಪಟ್ಟಾ ಬೇಡ, ಎರಡರ ಅಂಚು ಸಾಫ್ಟ್‌ವೇರ್‌ಗೆ ಸರಿಯಾಗಿ ತಿಳಿಯುವುದಿಲ್ಲ.

ಮೇಜು ತಿರುಗಿಸಲು ಜಾಗವಿಲ್ಲ ಅನ್ನುತ್ತೀಯೇನೋ. ಅಜ್ಜಿಯ ಹಸಿರು ನೂಲಿನ ಸೀರೆ ಟ್ರಂಕಿನಲ್ಲಿತ್ತು, ತೆಗೆದು ಒಗೆದಿಟ್ಟಿದ್ದೇನೆ. ಎರಡು ಮಡಿಕೆ ಮಾಡಿ ಹಗ್ಗದಿಂದ ಇಳಿಬಿಟ್ಟರೆ ಹಿಂದಿನದು ಏನೂ ಕಾಣುವುದಿಲ್ಲ. ನಾಳೆ ಕೊರಿಯರ್ ಮಾಡುತ್ತೇನೆ. ಕ್ಯಾಲೆಂಡರ್ ಅಡುಗೆಮನೆಗೆ ಹೋಗಲಿ, ಸೋಮವಾರದ ಇಂಟರ್‌ವ್ಯೂಗೆ ಮೊದಲೇ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ