ಜಿಐಎಸ್: ಮೆನುವಿಗಿಂತ ಮೊದಲು ಅಳತೆ ಕಲಿಸಿ

ಮಾನ್ಯರೇ,

ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದ ವಿದ್ಯಾರ್ಥಿಗಳಿಗೆ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಸ್ಥಳದ ಮಾಹಿತಿ ವಿಶ್ಲೇಷಿಸುವ ವಿದ್ಯೆ) ಕಲಿಸುವವರಲ್ಲಿ ಒಂದು ವಿನಂತಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಮೆನು ತೋರಿಸುವ ಮೊದಲು ನಿರ್ದೇಶಾಂಕ ಪದ್ಧತಿ (ಸಿಆರ್‌ಎಸ್), ಅಂದರೆ ಸ್ಥಳವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ, ಹೇಳಿಕೊಡಿ. ಎಡವಟ್ಟು ಹೆಚ್ಚಾಗಿ ಆಗುವುದೇ ಅಲ್ಲಿ.

ಮೊಬೈಲ್ ಜಿಪಿಎಸ್ ಕೊಡುವ ಅಕ್ಷಾಂಶ-ರೇಖಾಂಶ ಡಬ್ಲ್ಯುಜಿಎಸ್ 84 ಎಂಬ ಜಾಗತಿಕ ಪದ್ಧತಿಯದ್ದು, ಅದರ ಮಾನ ಡಿಗ್ರಿ. ಕೊಳವೆಬಾವಿಯ ಸುತ್ತ 500 ಮೀಟರ್ ಬಫರ್ (ಸುತ್ತುವಲಯ) ಬೇಕೆಂದು ಆ ಅಂಕಿಗಳಿರುವ ನಕ್ಷೆಯ ಪದರದ ಮೇಲೆಯೇ 500 ಎಂದು ಕೊಟ್ಟರೆ ಅದು 500 ಡಿಗ್ರಿ ಆಗುತ್ತದೆ. ಒಂದು ಡಿಗ್ರಿ ಅಕ್ಷಾಂಶವೇ ಸುಮಾರು 111 ಕಿ.ಮೀ.! ಹಾಗಾಗಿ ಪದರವನ್ನು ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ (ಸಂಕೇತ ಸಂಖ್ಯೆ ಇಪಿಎಸ್‌ಜಿ 32643) ರೀಪ್ರೊಜೆಕ್ಟ್ ಮಾಡಿ (ಅಂಕಿಗಳನ್ನೇ ಪರಿವರ್ತಿಸಿ), ಹೊಸ ಕಡತವಾಗಿ ಉಳಿಸಬೇಕು. ನಮ್ಮ ಮೂರೂ ಜಿಲ್ಲೆಗಳು ಅದರೊಳಗೇ ಬರುತ್ತವೆ. ಪದರದ ಸಿಆರ್‌ಎಸ್ ಹೆಸರನ್ನಷ್ಟೇ ಬದಲಿಸಿದರೆ ಡಿಗ್ರಿಯ ಅಂಕಿಗಳನ್ನೇ ಮೀಟರ್ ಎಂದು ಓದಿಕೊಂಡು, ಬಸವನಬಾಗೇವಾಡಿಯ ಹೊಲ ಸಮಭಾಜಕದ ಬಳಿ ಹಿಂದೂ ಮಹಾಸಾಗರಕ್ಕೆ ಹೋಗಿ ಕೂರುತ್ತದೆ.

ಉಪಗ್ರಹ ಚಿತ್ರವನ್ನು ಗುಂಟೆಯ ಲೆಕ್ಕದಲ್ಲಿ ವಿವರಿಸಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರದ 10 ಮೀಟರ್ ಚೌಕ (ಪಿಕ್ಸೆಲ್) ಹೆಚ್ಚೂಕಡಿಮೆ ಒಂದು ಗುಂಟೆ, ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚೌಕ ಸುಮಾರು ಒಂಬತ್ತು ಗುಂಟೆ. ಇಂಡಿ ತಾಲ್ಲೂಕಿನ ಅರ್ಧ ಎಕರೆ ಲಿಂಬೆ ತೋಟ ಲ್ಯಾಂಡ್‌ಸ್ಯಾಟ್‌ನಲ್ಲಿ ಎರಡು ಚೌಕದಷ್ಟೇ. ಅದರಲ್ಲೂ ಬದು, ಪಕ್ಕದ ತೊಗರಿ ಬೆರೆತಿರುತ್ತವೆ. ಅಷ್ಟು ಸಣ್ಣ ತೋಟದ ಬೆಳೆ ವಿಂಗಡಣೆಗೆ ಅದನ್ನು ನೆಚ್ಚಬಾರದು.

ಊರ ಹೆಸರುಗಳು ಕನ್ನಡದಲ್ಲಿದ್ದರೆ ಪದರವನ್ನು ಶೇಪ್‌ಫೈಲ್ ಎಂಬ ಕಡತ ಮಾದರಿಯ ಬದಲು ಜಿಯೊಪ್ಯಾಕೇಜ್ ಮಾದರಿಯಲ್ಲಿ ಉಳಿಸಲು ಹೇಳಿ. ಎನ್‌ಕೋಡಿಂಗ್ (ಅಕ್ಷರಗಳ ಸಂಕೇತ ಕ್ರಮ) ತಪ್ಪಿ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದು ತಪ್ಪುತ್ತದೆ.

– ಓದುಗ, ವಿಜಯಪುರ